ಆಟಕ್ಕೆ ಕೂತವರು ಇಬ್ಬರು: ದೆವ್ವದ ಕಥೆಯಲ್ಲಿ ಲೆಕ್ಕ ತಪ್ಪುವುದೆಲ್ಲಿ?

ಪ್ರಶ್ನೆ: ದಕ್ಷಿಣ ಕನ್ನಡದ ಹಳೇ ಮನೆ, ಮಳೆಗಾಲದ ರಾತ್ರಿ. ಅಡಿಕೆ ವ್ಯಾಪಾರದ ಶೆಟ್ರು, ಶಾಲೆಯ ಮಾಷ್ಟ್ರು. ಮುಖಪರಿಚಯಕ್ಕಿಂತ ಸ್ವಲ್ಪ ಹೆಚ್ಚು, ಸ್ನೇಹಕ್ಕಿಂತ ಕಡಿಮೆ. ಹೊತ್ತು ಕಳೆಯಲು ಚೌಕಾಬಾರ ಆಡುತ್ತಾರೆ, ಸೋತವನಿಗೆ ಸಾವು. ಕೊನೆಯಲ್ಲಿ ಮನೆಯೊಳಗಿನ ದೆವ್ವ ಒಬ್ಬನ ಕೈಯಿಂದ ಸತತ ಮೂರು ಬಾರ ಹಾಕಿಸಿ ಆಟ ಮುಗಿಸುತ್ತದೆ. ಸುಮಾರು 3000 ಪದಗಳ ಕಥೆ. ಓದಿದವರೆಲ್ಲ "ಚೆನ್ನಾಗಿದೆ, ಆದರೆ ಹೆದರಿಕೆ ಆಗಲಿಲ್ಲ" ಅಂದರು. ಎಲ್ಲಿ ತಪ್ಪಿದೆ? ಬೇರೆ ಆಟ ಇಟ್ಟುಕೊಳ್ಳಬೇಕೇ?

ಉತ್ತರ: ಹೆದರಿಕೆ ಆರಿಹೋಗುವುದು ಆ ಮೂರು ಬಾರದ ಜಾಗದಲ್ಲೇ. ನಾಲ್ಕು ಕವಡೆಯೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಕವಡೆ ಎರಡೂ ಕಡೆಗೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ ಒಂದು ಬಾರ ಬೀಳುವುದು 16 ಸಲಕ್ಕೆ ಒಮ್ಮೆ, ಸತತ ಮೂರು ಬೀಳುವುದು 4096ಕ್ಕೆ ಒಮ್ಮೆ. ಈ ಲೆಕ್ಕ ಓದುಗನಿಗೆ ಗೊತ್ತಿರಬೇಕಾಗಿಲ್ಲ, ಆಡಿ ಬೆಳೆದ ಕೈಗೆ ಅಂದಾಜಿರುತ್ತದೆ. ಮೊದಲ ಬಾರಕ್ಕೆ ಅವನು ಬೆಚ್ಚುತ್ತಾನೆ, ಎರಡನೆಯದಕ್ಕೆ ಲೇಖಕರ ಕೈ ಕಾಣುತ್ತದೆ, ಮೂರನೆಯದಕ್ಕೆ ಪುಸ್ತಕ ಮುಚ್ಚುತ್ತಾನೆ. ಸಾಲದ್ದಕ್ಕೆ, ಸತತ ಮೂರು ಬಾರ ಬಿದ್ದರೆ ಮೂರೂ ಲೆಕ್ಕಕ್ಕಿಲ್ಲ ಎಂಬ ಕಟ್ಟು ಎಷ್ಟೋ ಮನೆಗಳಲ್ಲಿದೆ. ಅಂಥ ಮನೆಯವರು ಓದಿದರೆ ನಿಮ್ಮ ದೆವ್ವ ಗೆದ್ದಿಲ್ಲ, ಸೋತಿದೆ.

ಸಾವಿನ ಆಟದ ಕಥೆಗೆ ಒಂದು ಕಟ್ಟುಪಾಡು ಇಟ್ಟುಕೊಳ್ಳಿ: ಆಟದ ಕಾನೂನನ್ನು ಮನುಷ್ಯ ಮುರಿಯಬಹುದು, ದೆವ್ವ ಮುರಿಯಕೂಡದು. ದೆವ್ವಕ್ಕೆ ಏನು ಬೇಕಾದರೂ ಮಾಡುವ ಶಕ್ತಿ ಇದೆ ಎಂದಾದರೆ ಆಟ ಏಕೆ ಬೇಕು, ಮೊದಲ ಪುಟದಲ್ಲೇ ಕತ್ತು ಹಿಸುಕಬಹುದಲ್ಲ? ನಮ್ಮಲ್ಲಿ ನಿಂತ ಕಥೆಗಳೆಲ್ಲ ಕಾನೂನಿಗೆ ಕಟ್ಟುಬಿದ್ದ ದೆವ್ವಗಳದ್ದೇ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರೆ ಓದಿ, ನಂಬಿ, ಹಿಂದಿರುಗುವ ದೆವ್ವ ಬೆಂಗಳೂರಿನ ಗಲ್ಲಿಗಳನ್ನು ನಡುಗಿಸಿದ್ದು ಆ ಪ್ರಾಮಾಣಿಕತೆಯಿಂದ. ಬೇತಾಳನ ಕಟ್ಟು ಇನ್ನೂ ಚೆಂದ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಹೋಳಾಗುತ್ತದೆ. ಬಾಯಿಬಿಟ್ಟರೆ ಹೆಣ ಮತ್ತೆ ಮರಕ್ಕೇರುತ್ತದೆ. ಎರಡು ವಾಕ್ಯ, ಎರಡು ಕಡೆಯೂ ನಷ್ಟ. ನಿಮ್ಮ ಆಟದ ಕಾನೂನೂ ಮೂರು ವಾಕ್ಯ ದಾಟಬಾರದು, ಆಡಿದರೂ ಆಡದಿದ್ದರೂ ಏನಾದರೊಂದು ಹೋಗಬೇಕು.

ಈಗ ಚೌಕಾಬಾರ ಈ ಕೆಲಸಕ್ಕೆ ಹೊಂದುತ್ತದೆಯೇ ನೋಡೋಣ. ಐದು ಅಡ್ಡ ಐದು, 25 ಮನೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತು ಮುಗಿಸಿ ಒಳಸುತ್ತು ಹೊಕ್ಕು ನಡುಮನೆ ಸೇರಲು ಒಂದು ಕಾಯಿಗೆ 24 ಹೆಜ್ಜೆ, ನಾಲ್ಕಕ್ಕೆ 96. ಒಂದು ಎಸೆತಕ್ಕೆ ಸರಾಸರಿ ಬೀಳುವುದು ಎರಡೂವರೆ. ಚೌಕ (ನಾಲ್ಕೂ ಅಂಗಾತ ಬಿದ್ದರೆ ನಾಲ್ಕು), ಬಾರ ಬಿದ್ದಾಗ ಸಿಗುವ ಮರು ಎಸೆತ ಸೇರಿಸಿದರೂ ಒಂದು ಸರದಿಗೆ ಮೂರಕ್ಕಿಂತ ಸ್ವಲ್ಪ ಕಡಿಮೆ. ಯಾರೂ ಯಾರನ್ನೂ ಕಡಿಯದೆ, ಒಂದು ಹೆಜ್ಜೆಯೂ ವ್ಯರ್ಥವಾಗದೆ ನಡೆದರೂ ಒಬ್ಬನಿಗೆ ಮೂವತ್ತಕ್ಕೂ ಹೆಚ್ಚು ಸರದಿ ಬೇಕು, ಇಬ್ಬರದ್ದು ಸೇರಿ ಎಪ್ಪತ್ತರ ಹತ್ತಿರ. 3000 ಪದಗಳಲ್ಲಿ ಇದನ್ನು ತೋರಿಸಲು ಸಾಧ್ಯವಿಲ್ಲ. ಆದ್ದರಿಂದ 'ಆಟ ಸಾಗಿತು', 'ಗಂಟೆ ಎರಡಾಯಿತು' ಎಂದು ಹಾರಿಸುತ್ತೀರಿ. ಹಾರಿಸಿದ ಜಾಗದಲ್ಲೇ ಓದುಗನ ಕೈಯಿಂದ ಎಣಿಕೆ ಜಾರುತ್ತದೆ. ಎಣಿಸದವನು ಹೆದರುವುದಿಲ್ಲ. ಇನ್ನೊಂದು ತೊಂದರೆ, ಕವಡೆಯಲ್ಲಿ ಅದೃಷ್ಟವಿದೆ. ಅದೃಷ್ಟ ಇದ್ದಲ್ಲಿ ದೆವ್ವದ ಕೈವಾಡ ಎದ್ದು ಕಾಣುವುದಿಲ್ಲ, ಕಾಣಿಸಲು ಹೋದರೆ ಮೂರು ಬಾರದಂಥ ಅತಿರೇಕವೇ ಗತಿ.

ಚೌಕಾಬಾರವನ್ನು ಬಿಡಲು ಮನಸ್ಸಿಲ್ಲದಿದ್ದರೆ ಅದರಲ್ಲಿ ಒಂದು ಒಳ್ಳೆಯ ಕಟ್ಟು ಇದೆ, ಅದನ್ನು ಹಿಡಿಯಿರಿ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂದು ಬಹಳ ಕಡೆ ಆಡುತ್ತಾರೆ. ಮನೆ ಸೇರಬೇಕಾದರೆ ಕೊಲ್ಲಲೇಬೇಕು. ಇಬ್ಬರೂ ಕಡಿಯಲು ಒಪ್ಪದೆ ಹೊರಸುತ್ತಿನಲ್ಲೇ ಸುತ್ತುತ್ತಿರುವ ಆಟದಲ್ಲಿ ಕಥೆ ಇದೆ.

ಆದರೂ ನಿಮ್ಮ ಊರಿಗೆ, ನಿಮ್ಮ ತಿಂಗಳಿಗೆ ಸರಿಹೊಂದುವ ಆಟ ಚೆನ್ನೆಮಣೆ, ಗುಳಿ ಕೊರೆದ ಮಣೆಯಲ್ಲಿ ಬೀಜ ಹಾಕಿ ಆಡುವ ಆಟ. ತುಳುನಾಡಿನಲ್ಲಿ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಗದ್ದೆ ಕೆಲಸ ಮುಗಿದು ಮಳೆಗೆ ಜನ ಮನೆಯೊಳಗೇ ಕೂರುವ ಕಾಲದಲ್ಲಿ ಮಣೆ ಅಟ್ಟದಿಂದ ಇಳಿಯುತ್ತದೆ. ಆಟಿ ಮುಗಿದ ಮೇಲೆ ಆಡಬಾರದೆಂಬ ನಂಬಿಕೆ ಇದೆ. ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದೆಂಬ ನಂಬಿಕೆಯೂ ಇದೆ. ಇದರ ಹಿಂದೆ ಸಿರಿ ಎಂಬ ಹೆಣ್ಣಿನ ಕಥೆ ಹೇಳುವ ತುಳು ಹಾಡುಗಥೆ, ಸಿರಿ ಪಾಡ್ದನ ಇದೆ. ಸಿರಿಯ ಸಂತತಿಯ ಅವಳಿ ಹುಡುಗಿಯರು ಅಬ್ಬಗ, ದಾರಗ. ಮಕ್ಕಳಾಗಲೆಂದು ಹೊತ್ತ ಹರಕೆಯನ್ನು ಹೆತ್ತವರು ಮರೆಯುತ್ತಾರೆ, ಹರಕೆ ಹೊತ್ತ ದೈವ ಬೆರ್ಮೆರು ಮುನಿಯುತ್ತಾನೆ. ಹುಡುಗಿಯರು ಚೆನ್ನೆ ಆಡಲು ಕೂರುತ್ತಾರೆ, ಜಗಳ ಹತ್ತುತ್ತದೆ, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳಿಗೆ ಹೊಡೆಯುತ್ತಾಳೆ. ಅವಳು ಸಾಯುತ್ತಾಳೆ, ಹೊಡೆದವಳು ಬಾವಿಗೆ ಹಾರುತ್ತಾಳೆ. ಹಾಡುವವರಿಂದ ಹಾಡುವವರಿಗೆ ವಿವರ ಬದಲಾಗುತ್ತದೆ. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು 1990ರಲ್ಲಿ ಜಾನಪದ ವಿದ್ವಾಂಸರಾದ ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಸೇರಿ ದಾಖಲಿಸಿದರು. ಅಚ್ಚಾದಾಗ 15,683 ಸಾಲು. ನಿಮಗೆ ಇಲ್ಲಿ ಗಮನಿಸಬೇಕಾದ್ದು ಒಂದೇ: ದೈವ ಬಂದು ಯಾರ ಕತ್ತನ್ನೂ ಮುರಿಯುವುದಿಲ್ಲ. ತೀರದ ಹರಕೆ ಆಟದೊಳಗೆ ಇಳಿಯುತ್ತದೆ, ಕೈ ಎತ್ತುವುದು ಮನುಷ್ಯರೇ.

ಮಣೆಯ ಲೆಕ್ಕಕ್ಕೆ ಬರೋಣ. ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ 4 ಬೀಜ, ಒಟ್ಟು 56. ಆಡುವ ಬಗೆ ಹಲವು. ಕಥೆಗೆ ಎಲ್ಲಕ್ಕಿಂತ ಸರಳವಾದದ್ದನ್ನು ಆರಿಸಿ, ಮೂರೇ ವಾಕ್ಯದಲ್ಲಿ ಹೇಳಿ ಮುಗಿಸಿ. ನಿಮ್ಮ ಕಡೆಯ ಒಂದು ಗುಳಿಯ ಬೀಜ ಎತ್ತಿ ಬಲಕ್ಕೆ ಒಂದೊಂದಾಗಿ ಹಾಕುತ್ತ ಹೋಗಬೇಕು, ಸಾಲಿನ ತುದಿಯಲ್ಲಿ ಎದುರಿನ ಸಾಲಿಗೆ ತಿರುಗಬೇಕು. ಕೈ ಬರಿದಾದಾಗ ಅದರ ಮುಂದಿನ ಗುಳಿಯಿಂದ ಎತ್ತಿ ಮುಂದುವರಿಯಬೇಕು. ಮುಂದಿನ ಗುಳಿ ಖಾಲಿ ಇದ್ದರೆ ಅದರಾಚೆಯ ಗುಳಿಯಲ್ಲಿದ್ದದ್ದು ನಿಮ್ಮದು, ಆಟ ಎದುರಿನವರಿಗೆ.

ಇದರಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಮಣೆ ತುಂಬಿರುವಾಗ ಮೊದಲ ಆಟಗಾರ ಎಡತುದಿಯ ಗುಳಿ ಎತ್ತಿದರೆ ಒಟ್ಟು ಏಳು ಸಲ ಕೈ ತುಂಬುತ್ತದೆ, ಕೊನೆಗೆ ಎದುರಾಳಿಯ ಎಡದಿಂದ ಎರಡನೇ ಗುಳಿಯ 6 ಬೀಜ ಸಿಗುತ್ತದೆ. ಇವತ್ತು ಆಡಿದರೂ ಅಷ್ಟೇ, ನೂರು ವರ್ಷದ ಹಿಂದೆ ಆಡಿದ್ದರೂ ಅಷ್ಟೇ. ಬೇಕಿದ್ದರೆ ಹುಣಸೆಬೀಜ ಇಟ್ಟು ನೋಡಿ, ಎರಡು ನಿಮಿಷದ ಕೆಲಸ.

ಈಗ ಆ ಎಡತುದಿಯ ಗುಳಿಯಲ್ಲಿ 4ರ ಬದಲು 5 ಬೀಜ ಇಡಿ. ಉಳಿದ ಹದಿಮೂರು ಗುಳಿ ಮೊದಲಿನಂತೆಯೇ ಇರಲಿ. ಒಟ್ಟು 57. ಅದೇ ಗುಳಿ ಎತ್ತಿ ಆಡಿ. ಕೈ ತುಂಬುವುದು ಏಳರ ಬದಲು ಆರು ಸಲ. ಕೊನೆಗೆ ಸಿಗುವುದು ಮತ್ತೆ 6 ಬೀಜವೇ, ಆದರೆ ಎದುರಾಳಿಯ ಸಾಲಿನಿಂದ ಅಲ್ಲ. ಆಡಿದವನ ಸಾಲಿನ ನಟ್ಟನಡುವಿನ, ನಾಲ್ಕನೇ ಗುಳಿಯಿಂದ. ಬಂದ ಸಂಖ್ಯೆ ಅದೇ, ಬಂದ ಜಾಗ ಬೇರೆ. ಎದುರಿನವನ ಮನೆಗೆ ಹೋಗಬೇಕಿದ್ದ ಕೈ ತನ್ನ ಮನೆಯನ್ನೇ ಖಾಲಿ ಮಾಡುತ್ತದೆ. ಯಾವ ಕಾನೂನೂ ಮುರಿದಿಲ್ಲ. ದೆವ್ವ ಮಾಡಿದ್ದು ಒಂದೇ ಒಂದು ಕೆಲಸ, ಒಂದು ಬೀಜ ಸೇರಿಸಿದ್ದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಫಲ ಆ 57ರಲ್ಲಿದೆ. 56 ಬೀಜದ ಆಟ 28–28ಕ್ಕೆ ಸಮವಾಗಿ ನಿಲ್ಲಬಹುದು. 57 ಸಮವಾಗುವ ಪ್ರಶ್ನೆಯೇ ಇಲ್ಲ; 29–28 ಆದರೂ ಒಬ್ಬ ಗೆಲ್ಲಲೇಬೇಕು, ಒಬ್ಬ ಸೋಲಲೇಬೇಕು. ನಿಮ್ಮ ಇಬ್ಬರು ಪಾತ್ರಗಳು ಕೇವಲ ಪರಿಚಿತರು ಎಂಬುದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಪರಿಚಿತರನ್ನೇ ಏಕೆ ಕೂರಿಸಬೇಕು ಎಂಬುದಕ್ಕೆ ನಿಮ್ಮ ಕಥೆಯಲ್ಲಿ ಉತ್ತರವಿಲ್ಲ, ಅದು ಎರಡನೇ ದೊಡ್ಡ ತಪ್ಪು. ಗೆಳೆಯನಾದರೆ "ಹೋಗ ಮಾರಾಯ, ನಿದ್ದೆ ಬರ್ತದೆ" ಎಂದು ಎದ್ದುಬಿಡುತ್ತಾನೆ. ವೈರಿಯಾದರೆ ಕೂರುವುದೇ ಇಲ್ಲ. ಏಳಲಾಗದೆ ಕೂತಿರುವವನು ಪರಿಚಿತ ಮಾತ್ರ, ದಾಕ್ಷಿಣ್ಯಕ್ಕೆ ಸಿಕ್ಕಿಬಿದ್ದವನು. ಹಳ್ಳದ ಸಂಕ (ಕಿರುಸೇತುವೆ) ಮುಳುಗಿದ್ದರಿಂದ ಮಾಷ್ಟ್ರು ಶೆಟ್ರ ಮನೆಯಲ್ಲಿ ಉಳಿದಿದ್ದಾರೆ. ಉಂಡ ಮನೆ. ಆಟಕ್ಕೆ ಕರೆದಾಗ ಬೇಡ ಎನ್ನುವುದು ಹೇಗೆ? ಶೆಟ್ರಿಗೂ ಅಷ್ಟೇ, ಅತಿಥಿಯನ್ನು ಸೋಲಿಸಿ ಮಲಗಲು ಕಳಿಸುವುದು ಚೆಂದವಲ್ಲ. ಇಬ್ಬರೂ ಒಳಗೊಳಗೇ ಸಮ ಮಾಡಿ ಮುಗಿಸೋಣ ಎಂದೇ ಆಡುತ್ತಾರೆ. ಒಬ್ಬ ಬೇಕೆಂದೇ ಲಾಭದ ಗುಳಿ ಬಿಟ್ಟು ಬೇರೆ ಗುಳಿ ಎತ್ತುತ್ತಾನೆ. ಇನ್ನೊಬ್ಬ ಅದನ್ನು ಕಂಡೂ ಕಾಣದಂತೆ ಇರುತ್ತಾನೆ. ಸಮ ಆಗಲೇಬೇಕು, ಆಗುತ್ತಿಲ್ಲ. ಒಂದಲ್ಲ ಒಂದು ಬೀಜ ಯಾರ ಕಡೆಗೋ ಉಳಿಯುತ್ತಿದೆ. ಮತ್ತೊಂದು ಸುತ್ತು. ಈ ಸೌಜನ್ಯವೇ ಅವರನ್ನು ಬೆಳಗಿನ ಜಾವದವರೆಗೆ ಮಣೆಗೆ ಕಟ್ಟಿಹಾಕುತ್ತದೆ.

ಸುತ್ತು ಮುಗಿದಾಗ ಏನಾಗುತ್ತದೆ ಎಂಬುದನ್ನೂ ಬಿಡಬೇಡಿ. ಗೆದ್ದ ಬೀಜದಿಂದ ಅವರವರು ತಮ್ಮ ಗುಳಿಗಳನ್ನು ನಾಲ್ಕು ನಾಲ್ಕರಂತೆ ತುಂಬಬೇಕು. 24 ಬಂದವನಿಗೆ ಆರೇ ಗುಳಿ. ಏಳನೆಯದು ಮುಂದಿನ ಸುತ್ತಿಗೆ ಇಲ್ಲ, ಅಲ್ಲಿ ಯಾರೂ ಬೀಜ ಹಾಕುವುದಿಲ್ಲ. 8 ಬಂದವನಿಗೆ ಎರಡು ಗುಳಿ. 3ಕ್ಕೆ ಇಳಿದರೆ ಒಂದೂ ತುಂಬುವುದಿಲ್ಲ, ಆಟ ಮುಗಿಯಿತು. ಸೋಲುವವನ ಮನೆ ಒಂದೊಂದಾಗಿ ಮುಚ್ಚುತ್ತ ಬರುವುದನ್ನು ಓದುಗ ಕಣ್ಣಾರೆ ನೋಡಬೇಕು. ನೀವು ಒಂದು ವಿಶೇಷಣವನ್ನೂ ಬಳಸಬೇಕಾಗಿಲ್ಲ, ಅಂಕಿ ಸಾಕು.

ಇನ್ನು ಪಣ. 'ಸೋತವನು ಸಾಯುತ್ತಾನೆ' ಎಂದು ಆಟಕ್ಕೆ ಮೊದಲೇ ಘೋಷಿಸಿದ್ದೀರಿ. ಅಷ್ಟಾಗಿಯೂ ಇಬ್ಬರು ಬುದ್ಧಿವಂತರು ಕೂತರು ಎಂದರೆ ಯಾರು ನಂಬುತ್ತಾರೆ? ಪಣ ಹಗುರವಾಗಿರಲಿ, ನಗುತ್ತ ಒಪ್ಪುವಂಥದ್ದಿರಲಿ, ಆಮೇಲೆ ಭಾರವಾಗಲಿ. ಮಹಾಭಾರತದ ಸಭಾಪರ್ವದ ದ್ಯೂತವನ್ನು ಪಣಗಳ ಕ್ರಮಕ್ಕಾಗಿಯೇ ಒಮ್ಮೆ ಓದಿ. ಮುತ್ತು, ಹೊನ್ನು, ರಥಗಳಿಂದ ಶುರುವಾಗಿ ನಕುಲ, ಸಹದೇವ, ಅರ್ಜುನ, ಭೀಮ, ಆಮೇಲೆ ಧರ್ಮರಾಯ ತಾನೇ, ಕಡೆಗೆ ದ್ರೌಪದಿ. ಅವಳು ಕೇಳುವುದೂ ಕ್ರಮದ ಪ್ರಶ್ನೆಯನ್ನೇ: ಮೊದಲು ತನ್ನನ್ನು ಸೋತನೋ, ನನ್ನನ್ನೋ? ಒಂದು ಪಣ ಆಚೀಚೆಯಾದರೆ ಇಡೀ ಸಭೆ ಬಾಯಿ ಕಟ್ಟಿ ಕೂರುವ ಹಾಗೆ ಕಟ್ಟಿದ್ದಾರೆ.

ನಿಮ್ಮ ಕಥೆಗೆ ಪಣ ಅದೇ ತಿಂಗಳಿನಲ್ಲಿ ಸಿದ್ಧವಾಗಿದೆ. ರಾತ್ರಿಯನ್ನು ಆಟಿ ಅಮಾವಾಸ್ಯೆಯ ಹಿಂದಿನ ರಾತ್ರಿಯಾಗಿಸಿ. ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲೇ ಹಾಲೆ ಮರದ ಕೆತ್ತೆಯನ್ನು (ತೊಗಟೆಯನ್ನು) ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ರಸ ಹಿಂಡಿ, ಕಾದ ಬೊಳ್ಳುಕಲ್ಲು (ಬಿಳಿಕಲ್ಲು) ಅದ್ದಿ ಬರಿಹೊಟ್ಟೆಗೆ ಕುಡಿಯುವ ರೂಢಿ. ಮೇಲೆ ಮೆಂತ್ಯದ ಗಂಜಿ. ಪಣ ಇಷ್ಟೇ: ಸೋತವನು ಮಳೆಯಲ್ಲಿ ಹೋಗಿ ಕೆತ್ತೆ ತರಬೇಕು, ಗೆದ್ದವನು ಮೊದಲ ಲೋಟ ಕುಡಿಯಬೇಕು. ಯಾರು ಬೇಡ ಎನ್ನುತ್ತಾರೆ?

ಸಾವು ಇರುವುದು ಮರದಲ್ಲಿ. ಕತ್ತಲಲ್ಲಿ ಹಾಲೆಯೆಂದು ಕಾಸರಕದ ಕೆತ್ತೆ ತಂದರೆ ಅದು ವಿಷ. ಹಗಲಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟವಲ್ಲ. ಹಾಲೆಯ ಎಲೆಗಳು ಒಂದೇ ಗೆಣ್ಣಿನಲ್ಲಿ ಸುತ್ತ ಸಾಮಾನ್ಯವಾಗಿ ನಾಲ್ಕರಿಂದ ಏಳರಂತೆ ಗೊಂಚಲಾಗಿರುತ್ತವೆ, ಕೆತ್ತೆ ಗೀರಿದರೆ ಬಿಳಿ ಹಾಲು. ಕಾಸರಕದ ಎಲೆ ಎದುರುಬದುರು ಜೋಡಿ, ಬುಡದಿಂದಲೇ ಎದ್ದು ಕಾಣುವ ನರಗಳು, ಹಾಲಿಲ್ಲ. ಆದ್ದರಿಂದಲೇ ಹಿಂದಿನ ಸಂಜೆ ಮರ ನೋಡಿ ಗುರುತು ಮಾಡಿಟ್ಟುಕೊಳ್ಳುವವರಿದ್ದಾರೆ. ನಿಮ್ಮ ಕಥೆಯ ಶೆಟ್ರು ಸಂಜೆಯೇ ಮರಕ್ಕೆ ನೂಲು ಕಟ್ಟಿ ಬಂದಿರಲಿ, ಅದನ್ನು ಮೊದಲ ಪುಟದಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಬಿಟ್ಟುಬಿಡಿ. ಬೆಳಗಿನ ಜಾವ ಮಾಷ್ಟ್ರು ಕೈಯಲ್ಲಿ ಕಲ್ಲು ಹಿಡಿದು ನೂಲು ತಡವಿ ಹುಡುಕುತ್ತಾರೆ, ಸಿಗುತ್ತದೆ, ಜಜ್ಜುತ್ತಾರೆ. ಬೆರಳು ಒದ್ದೆ. ಹಾಲೋ, ಮಳೆನೀರೋ, ಕತ್ತಲಲ್ಲಿ ತಿಳಿಯುವುದಿಲ್ಲ. ಮೂಸಿದರೆ ಕೈಗೆ ಮೆತ್ತಿದ ಬೀಜದ ಬೂಸ್ಟಿನ ವಾಸನೆ ಮಾತ್ರ.

ಇಲ್ಲಿ ಒಂದು ತಿರುವು ತಾನಾಗಿ ಬರುತ್ತದೆ: ಸಾಯುವವನು ಗೆದ್ದವನು. ನೂಲನ್ನು ಬೇರೆ ಮರಕ್ಕೆ ಕಟ್ಟಿದ್ದು ಯಾರು? ಮಾಷ್ಟ್ರು ನಡುರಾತ್ರಿ ಒಮ್ಮೆ ಹೊರಗೆ ಹೋಗಿ ಬಂದಿರಬಹುದು. ಶೆಟ್ರು ತಾವೇ ಸೋಲುವುದೆಂದುಕೊಂಡು, ಮಾಷ್ಟ್ರಿಗೆ ಕುಡಿಸಲು ತಾವೇ ತಪ್ಪು ಮರಕ್ಕೆ ಕಟ್ಟಿರಬಹುದು. ಇಬ್ಬರೂ ಅಲ್ಲದಿರಬಹುದು. ಮೂರು ಬಾಗಿಲೂ ತೆರೆದೇ ಇರಲಿ, ಆದರೆ ಒಂದೊಂದಕ್ಕೂ ಒಂದೊಂದು ಸುಳಿವು ಇಡಿ. ಸುಳಿವಿಲ್ಲದೆ ತೆರೆದಿಟ್ಟರೆ ಲೇಖಕರಿಗೇ ಗೊತ್ತಿಲ್ಲ ಎಂದಾಗುತ್ತದೆ. ಮಾಷ್ಟ್ರಿಗೆ ಅಂಗಳದ ಕೆಸರು ಹತ್ತಿದ ಪಂಚೆಯ ಅಂಚು. ಶೆಟ್ರಿಗೆ ಕೈಯಿಂದ ಕೈಗೆ ಗೆಲುವು ಜಾರಿಸುವ ಆಟದ ರೀತಿ. ಮೂರನೆಯವನಿಗೆ ಆ 57ನೇ ಬೀಜ.

ಮೂರನೆಯವನು ಯಾರು ಎಂಬಲ್ಲಿ ಎಚ್ಚರ ಬೇಕು. ನಿಮ್ಮ ಹಸ್ತಪ್ರತಿಯಲ್ಲಿ ಅದನ್ನು ಒಮ್ಮೆ ದೆವ್ವ ಅನ್ನುತ್ತೀರಿ, ಒಮ್ಮೆ ಭೂತ, ಒಂದು ಕಡೆ ಒಂದು ದೈವದ ಹೆಸರನ್ನೇ ಹೇಳಿಬಿಟ್ಟಿದ್ದೀರಿ. ತುಳುನಾಡಿನ ಓದುಗ ಅಲ್ಲಿಗೇ ನಿಲ್ಲುತ್ತಾನೆ. ದೈವ ಅಂದರೆ ಕೋಲ, ನೇಮಗಳೆಂಬ ಸೇವೆ ಪಡೆದು, ನುಡಿ ಕೊಟ್ಟು ನ್ಯಾಯ ಹೇಳುವ ಶಕ್ತಿ, ಊರಿಗೆ ಬಂಧು. ಅದನ್ನು ಜಗಲಿಯ ಕೊಲೆಗಾರನನ್ನಾಗಿ ಮಾಡಿದರೆ ಹೆದರಿಕೆ ಹುಟ್ಟುವುದಿಲ್ಲ, ಸಿಟ್ಟು ಹುಟ್ಟುತ್ತದೆ. ನಿಮಗೆ ಬೇಕಾದ್ದು ಕುಲೆ, ಮನೆಯಲ್ಲಿ ಸತ್ತವರ ಪ್ರೇತ. ಆಟಿಯಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸುತ್ತಾರೆ. ಮದುವೆಯಾಗದೆ ಸತ್ತವರಿಗೆ ಕುಲೆಗಳೊಳಗೇ ಸಂಬಂಧ ನೋಡಿ ಮದುವೆ ಮಾಡಿಸುವುದೂ ಈ ತಿಂಗಳಲ್ಲೇ. ಅಂದರೆ ಸತ್ತವರು ಅತಿಥಿಗಳಾಗಿ ಮನೆಯಲ್ಲಿರುವ ಕಾಲ. ಆ ವರ್ಷ ಶೆಟ್ರ ಮನೆಯಲ್ಲಿ ಒಂದು ಎಲೆ ಬಡಿಸಲು ಮರೆತಿದ್ದಾರೆ ಎಂದಿಟ್ಟುಕೊಳ್ಳಿ. ಎಲೆ ಸಿಗದವನಿಗೆ ಜಾಗ ಬೇಕು. ಚೆನ್ನೆಮಣೆಯಲ್ಲಿ ಎರಡೇ ಕಡೆ. ಕೂರಲು ಜಾಗವಿಲ್ಲದವನು ಗುಳಿಯೊಳಗೆ ಇರುತ್ತಾನೆ. ಬೀಜ ಯಾರ ಕೈಯಲ್ಲೋ, ಅವನು ಅಲ್ಲಿ.

ದೆವ್ವವನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆಗೆ ನಳನ ಕಥೆ ಕೊಡುವ ಉತ್ತರ ನೋಡಿ. ಮಹಾಭಾರತದ ಆರಣ್ಯಪರ್ವದಲ್ಲಿ ಬರುವ ಈ ಕಥೆಯನ್ನು ಕನಕದಾಸರು ಕನ್ನಡಕ್ಕೆ ತಂದರು. ಕಲಿ ಹೊಕ್ಕದ್ದು ನಳನೊಳಗೆ, ಅವನ ಜೊತೆಗಾರ ದ್ವಾಪರ ಹೊಕ್ಕದ್ದು ದಾಳದೊಳಗೆ. ಕಲಿ ಸುಮ್ಮನೆ ಹೊಗಲಿಲ್ಲ; ವರ್ಷಗಟ್ಟಲೆ ಕಾದು, ನಳ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂತ ಒಂದು ಸಂಜೆ ಹೊಕ್ಕ. ಹೊರಬಿದ್ದದ್ದು ನಳ ರಾಜ ಋತುಪರ್ಣನಿಂದ ಅಕ್ಷವಿದ್ಯೆ, ಅಂದರೆ ದಾಳದ ವಿದ್ಯೆ, ಕಲಿತ ಮೇಲೆ. ಬಂದು ಸೇರಿದ್ದು ತಾರೆ ಮರವನ್ನು, ಯಾವುದರ ಕಾಯಿಗಳನ್ನು ದಾಳವಾಗಿ ಎಸೆಯುತ್ತಿದ್ದರೋ ಅದೇ ಮರವನ್ನು. ಹೊಗಲು ಒಂದು ಸಣ್ಣ ಲೋಪ, ಹೊರಬೀಳಲು ಎಣಿಕೆಯ ವಿದ್ಯೆ. ಇಷ್ಟು ಬಿಗಿಯಾದ ಯಂತ್ರ ನಮ್ಮಲ್ಲಿರುವಾಗ ಶಕುನಿಯ ಎಲುಬಿನ ದಾಳದ ಹಿಂದೆ ಹೋಗಬೇಡಿ. ಅದು ವ್ಯಾಸಭಾರತದಲ್ಲಿಲ್ಲ, ಜನಪದದ ಸೇರ್ಪಡೆ. ಅದೂ ಈಗ ಎಲ್ಲರಿಗೂ ಗೊತ್ತಿರುವುದರಿಂದ ಸವೆದಿದೆ.

ಬರವಣಿಗೆಯ ಅಳತೆಗೆ ಬಂದರೆ, 3000 ಪದಗಳಲ್ಲಿ ಮಣೆ ಮುಂದೆ ಕೂರುವ ಹೊತ್ತಿಗೆ 500 ದಾಟಿರಬಾರದು. ಕಾನೂನು ಮತ್ತು ಪಣ 300. ಪೂರ್ತಿ ತೋರಿಸುವ ಆಟ ಮೂರೇ ಮೂರು: ಲೆಕ್ಕ ಸರಿ ಇರುವ ಮೊದಲನೆಯದು, ತಪ್ಪಾದದ್ದು ಓದುಗನಿಗೆ ಮಾತ್ರ ಗೊತ್ತಾಗುವ ಎರಡನೆಯದು, ಇಬ್ಬರಿಗೂ ಗೊತ್ತಾಗಿಯೂ ಇಬ್ಬರೂ ಹೇಳದ ಮೂರನೆಯದು. ಮೊದಲ ಆಟವನ್ನು ಬೇಸರ ಬರುವಷ್ಟು ಸರಿಯಾಗಿ ಬರೆಯಿರಿ. ಅದು ಓದುಗನಿಗೆ ಅಳತೆಗೋಲು, ಅದಿಲ್ಲದೆ ಎರಡನೆಯದರ ವಕ್ರತೆ ಕಾಣದು. ಕೆತ್ತೆ ತರುವುದಕ್ಕೆ 500. ಕುಡಿದ ಮೇಲಿನದು 150ಕ್ಕೆ ಮೀರದಿರಲಿ. ವಿಷದ ಲಕ್ಷಣಗಳ ಪಟ್ಟಿ ಬೇಡ.

ತಪ್ಪನ್ನು ಕಣ್ಣಿಗಿಂತ ಕಿವಿಗೆ ಮೊದಲು ತಿಳಿಸಿ. ಗುಳಿಗೆ ಬೀಜ ಬೀಳುವ ಸದ್ದನ್ನು ಒಳಕೋಣೆಯಿಂದಲೂ ಎಣಿಸಬಹುದು. ಎಲೆಯಡಿಕೆ ತರಲು ಒಳಗೆ ಹೋದ ಶೆಟ್ರು "ನೀವು ಆಡಿ" ಎಂದಿದ್ದಾರೆ ಅಂದುಕೊಳ್ಳಿ:

"ಮಾಷ್ಟ್ರೇ, ಎಷ್ಟು ಎತ್ತಿದ್ರಿ?"
"ನಾಲ್ಕು."
"ಐದು ಸಲ ಕೇಳಿತಲ್ಲ."
"ಮಾಡಿನಿಂದ ಸೋರುವ ನೀರು ಇರಬೇಕು ಶೆಟ್ರೇ."
ಶೆಟ್ರು ಬಂದು ಕೂತರು. ಮಾಡು ಸೋರುತ್ತಿರಲಿಲ್ಲ. ಅವರು ಅದನ್ನು ಹೇಳಲಿಲ್ಲ.

ನಿಮ್ಮ ಹಸ್ತಪ್ರತಿಯಲ್ಲಿ ಇದೇ ಜಾಗದಲ್ಲಿ ಮಾಷ್ಟ್ರು "ಈ ಮನೆಯಲ್ಲಿ ಏನೋ ಇದೆ!" ಎಂದು ಕೂಗುತ್ತಾರೆ. ಪರಿಚಿತರು ಹಾಗೆ ಕೂಗುವುದಿಲ್ಲ. ಅತಿಥಿಯಾದವನು ಮನೆಯವರ ಮಾನಕ್ಕೆ ಅಂಜಿ ಮಾಡಿನ ನೀರಿನ ಮೇಲೆ ಹಾಕುತ್ತಾನೆ, ಮನೆಯವನು ಅತಿಥಿಯ ಮಾನಕ್ಕೆ ಅಂಜಿ ಒಪ್ಪುತ್ತಾನೆ. ಬಹುವಚನ ಕೊನೆಯವರೆಗೂ ಇರಲಿ. ನೀವು ಹದಿನೇಳನೇ ಪುಟದಲ್ಲಿ ಇಬ್ಬರನ್ನೂ ಏಕವಚನಕ್ಕೆ ಇಳಿಸಿ ಜಗಳ ಮಾಡಿಸಿದ್ದೀರಿ. ಜಗಳವಾದ ಕೂಡಲೇ ಅವರು ಎದ್ದುಹೋಗಬಹುದು, ಬಿಗಿ ಸಡಿಲ.

ಸಣ್ಣಪುಟ್ಟವು ಇನ್ನಿಷ್ಟಿವೆ. ಆಟಿಯ ರಾತ್ರಿಯಲ್ಲಿ ಬೆಳದಿಂಗಳು ಸುರಿಸಿದ್ದೀರಿ, ಅಮಾವಾಸ್ಯೆಗೆ ಹೋಗುವಾಗ ಅದನ್ನು ತೆಗೆಯಿರಿ. ಒಂದು ವರ್ಷ ಅಟ್ಟದಲ್ಲಿದ್ದ ಮಣೆಯನ್ನು ಇಳಿಸಿದಾಗ ಗುಳಿಯ ತಳದಲ್ಲಿ ಬೂಸ್ಟು, ಜೇಡನ ಬಲೆ ಇರುತ್ತದೆ; ಒರೆಸುವವರೆಗೆ ಆಡಲಾಗದು. ಒರೆಸುವ ಆ ಹೊತ್ತೇ ಶೆಟ್ರು ಬೀಜ ಎಣಿಸಿ 56 ಎಂದು ಗಟ್ಟಿಯಾಗಿ ಹೇಳಲು ಸರಿಯಾದ ಸಮಯ. ಈ ಎಣಿಕೆ ಓದುಗನ ಎದುರು ಆಗಲೇಬೇಕು, ಮುಂದಿನ 57ಕ್ಕೆ ಬೇರೆ ಆಧಾರವಿಲ್ಲ. 'ಒಬ್ಬ ಮೊದಲೇ ಸತ್ತಿದ್ದ' ಎಂಬ ಮುಕ್ತಾಯವನ್ನು ಪರ್ಯಾಯವಾಗಿ ಬರೆದಿಟ್ಟಿದ್ದೀರಲ್ಲ, ಅದನ್ನು ಹರಿದುಹಾಕಿ. ಈ ಬಗೆಯ ಕಥೆ ಶುರುವಾದೊಡನೆ ಓದುಗ ಮೊದಲು ಊಹಿಸುವುದೇ ಅದನ್ನು. ಕನಸಿನ ಮುಕ್ತಾಯದ ಬಗ್ಗೆ ಹೇಳುವುದೇ ಬೇಡ.

ಊರಿನ ಕಥೆ ಬಿಟ್ಟು ಪೇಯಿಂಗ್ ಗೆಸ್ಟ್ ರೂಮಿನ ಕಥೆ ಬೇಕೆನಿಸಿದರೆ ಚೆನ್ನೆಯ ಜಾಗಕ್ಕೆ ಅಕ್ಷರಗಳ ಹಲಗೆಯ ಮೇಲೆ ನಾಣ್ಯ ಇಟ್ಟು ದೆವ್ವ ಕರೆಯುವ ಆಟ ಇಡಬಹುದು. ಅದರ ಹೆದರಿಕೆಯ ಯಂತ್ರ ಬೇರೆ. ಮೇಜು ತಾನೇ ತಿರುಗುತ್ತದೆಂಬ ಹುಚ್ಚು ಲಂಡನ್ನಿನಲ್ಲಿ ಹಬ್ಬಿದಾಗ ಮೈಕೆಲ್ ಫ್ಯಾರಡೆ 1853ರಲ್ಲಿ ಕೈಗಳ ಕೆಳಗೆ ರಟ್ಟಿನ ಪದರಗಳನ್ನಿಟ್ಟು ಪರೀಕ್ಷಿಸಿ, ತಳ್ಳುತ್ತಿರುವುದು ಕೂತವರ ಕೈಗಳೇ, ಅದು ಅವರಿಗೇ ಗೊತ್ತಿಲ್ಲ ಎಂದು ತೋರಿಸಿದ. ಇಬ್ಬರ ಬೆರಳು ಒಂದೇ ನಾಣ್ಯದ ಮೇಲಿದ್ದರೆ ತಳ್ಳಿದವನು ಎದುರಿನವನೋ ತಾನೋ ಎಂಬುದು ಕೊನೆವರೆಗೂ ಇತ್ಯರ್ಥವಾಗದು. ಆದರೆ ಅಲ್ಲಿ ಎಣಿಸಲು ಏನೂ ಇಲ್ಲ; ನಿಮ್ಮ ಕೈ ಇರುವುದು ಲೆಕ್ಕದ ಕಡೆಗೆ.

ತಿದ್ದಿದ ಮೇಲೆ ಕಥೆಯನ್ನು ಸಾಹಿತ್ಯ ಓದುವ ಗೆಳೆಯರಿಗೆ ಕೊಡುವ ಮೊದಲು ಚೆನ್ನೆ ಆಡಿ ಗೊತ್ತಿರುವ ಅಜ್ಜಿಯೊಬ್ಬರಿಗೆ ಓದಿ ಹೇಳಿ, ಮಣೆಯನ್ನೂ ಅವರ ಎದುರು ಇಡಿ. ಅವರು ಬೀಜ ಹಾಕುತ್ತ ಕೇಳಲಿ. ಎರಡನೇ ಆಟದ ಹೊತ್ತಿಗೆ "ನಿಲ್ಲು, ಒಂದು ಹೆಚ್ಚಾಯ್ತಲ್ಲ" ಎಂದು ಅವರು ತಡೆದರೆ ಕಥೆ ಸರಿಯಾಗಿದೆ. ಮೊದಲ ಆಟದಲ್ಲೇ ತಡೆದರೆ ನಿಮ್ಮ ಎಣಿಕೆ ತಪ್ಪಿದೆ, ಮತ್ತೆ 56ರಿಂದ ಶುರು ಮಾಡಿ.